ಎಶು ಸೈತಾನನಾದುದು: ಯೊರುಬಾ ಧರ್ಮ ಮತ್ತು ಅನುವಾದದ ಹೊಣೆ

ಒಂದು ಜನಸಮುದಾಯದ ಧರ್ಮವನ್ನು ಬೇರೊಂದು ಭಾಷೆಯಲ್ಲಿ ವಿವರಿಸಹೊರಟಾಗ ಮೊದಲ ತೀರ್ಪು ಪದಗಳ ಆಯ್ಕೆಯಲ್ಲಿಯೇ ಅಡಗಿರುತ್ತದೆ. ಆಫ್ರಿಕದ ಸಾಂಪ್ರದಾಯಿಕ ಧರ್ಮಗಳ ವಿಷಯದಲ್ಲಿ ಈ ತೀರ್ಪು ಬಹುಕಾಲ ಏಕಪಕ್ಷೀಯವಾಗಿತ್ತು. 1871ರಲ್ಲಿ ಇ. ಬಿ. ಟೈಲರ್ ತಮ್ಮ 'ಪ್ರಿಮಿಟಿವ್ ಕಲ್ಚರ್' ಕೃತಿಯಲ್ಲಿ ಇಂಥ ಧರ್ಮಗಳನ್ನು ಮಾನವ ವಿಕಾಸದ ಕೆಳಗಿನ ಮೆಟ್ಟಿಲಲ್ಲಿ ನಿಲ್ಲಿಸಿದರು. ಕನ್ನಡದಲ್ಲಿಯೂ ಆಫ್ರಿಕದ ಧರ್ಮವೆಂದೊಡನೆ ಮಾಟ, ಪ್ರೇತಾರಾಧನೆ, ಮೂಢನಂಬಿಕೆ ಎಂಬ ಮಾತುಗಳು ಅನಾಯಾಸವಾಗಿ ಬಂದುಬಿಡುತ್ತವೆ. ಇವು ಎಷ್ಟು ಅಸಮರ್ಪಕವೆಂಬುದಕ್ಕೆ ನೈಋತ್ಯ ನೈಜೀರಿಯದ ಯೊರುಬಾ ಜನರ 'ಇಫಾ' ಸಂಪ್ರದಾಯವೇ ನಿದರ್ಶನ.

ಯೊರುಬಾ ನಂಬಿಕೆಯಲ್ಲಿ ಒಲೊಡುಮಾರೆ ಪರಮದೈವ; ಒರಿಶಾಗಳು ಲೋಕವ್ಯವಹಾರದಲ್ಲಿ ಪಾಲ್ಗೊಳ್ಳುವ ದೇವತೆಗಳು. ಅವರಲ್ಲಿ ಜ್ಞಾನದ ಅಧಿದೇವತೆಯಾದ ಒರುನ್ಮಿಲಾನ ವಾಣಿಯೇ ಇಫಾ. 'ರಹಸ್ಯಗಳ ತಂದೆ' ಎಂಬ ಅರ್ಥದ 'ಬಬಲಾವೊ' ಇದರ ಪುರೋಹಿತ. ಆತ 16 ತಾಳೆಬೀಜಗಳನ್ನು ಒಂದು ಕೈಯಿಂದ ಮತ್ತೊಂದು ಕೈಗೆ ಬಾಚಿಕೊಳ್ಳುತ್ತಾನೆ. ಎರಡು ಉಳಿದರೆ ಒಂದು ಗೆರೆ, ಒಂದು ಉಳಿದರೆ ಎರಡು ಗೆರೆಗಳನ್ನು ಮರದ ಹಲಗೆಯ ಮೇಲೆ ಹರಡಿದ ಪುಡಿಯಲ್ಲಿ ಎಳೆಯುತ್ತಾನೆ. ಹೀಗೆ ಎಂಟು ಬಾರಿ ಮೂಡುವ ಗುರುತುಗಳಿಂದ 256 'ಒಡು'ಗಳಲ್ಲಿ ಒಂದು ನಿರ್ಧಾರವಾಗುತ್ತದೆ. ಪ್ರತಿಯೊಂದು ಒಡುವಿಗೂ 'ಎಸೆ' ಎಂಬ ಅನೇಕ ಪದ್ಯಗಳಿವೆ. ಹಿಂದೆ ಯಾರಿಗೆ ಯಾವ ಸಂಕಟ ಬಂದಿತು, ಯಾವ ಬಲಿ ವಿಧಿಸಲಾಯಿತು, ಅದನ್ನು ನಡೆಸಿದುದರಿಂದ ಅಥವಾ ಕಡೆಗಣಿಸಿದುದರಿಂದ ಏನಾಯಿತು ಎಂಬುದು ಅವುಗಳ ಸಾಮಾನ್ಯ ನಡೆ. ಬಬಲಾವೊ ಈ ಪದ್ಯಗಳನ್ನು ವರ್ಷಗಟ್ಟಲೆ ಕಲಿತು ಕಂಠಸ್ಥ ಮಾಡಿಕೊಂಡಿರುತ್ತಾನೆ.

ಇಲ್ಲಿ ಒಂದು ಅಂಶ ವಿಶೇಷವಾಗಿ ಗಮನಾರ್ಹ. ಪ್ರಶ್ನೆ ಕೇಳಲು ಬಂದವನು ತನ್ನ ಸಮಸ್ಯೆಯನ್ನು ಪುರೋಹಿತನಿಗೆ ಹೇಳಬೇಕಾಗಿಲ್ಲ. ಕೈಯಲ್ಲಿ ಹಿಡಿದ ನಾಣ್ಯಕ್ಕೆ ಪಿಸುಗುಟ್ಟಿದರೆ ಸಾಕು. ಪುರೋಹಿತ ಹಾಡಿದ ಪದ್ಯಗಳಲ್ಲಿ ತನಗೆ ಒಪ್ಪುವುದನ್ನು ಆತನೇ ಗುರುತಿಸುತ್ತಾನೆ. ಕೇಳುಗನ ಅರ್ಥೈಸುವಿಕೆಯಿಂದಲೇ ಪೂರ್ಣಗೊಳ್ಳುವ ಈ ಕ್ರಿಯೆಯನ್ನು 'ಕಣಿ' ಎಂದಷ್ಟೇ ಕರೆದರೆ ಅದರೊಳಗಿನ ಕಾವ್ಯಮೀಮಾಂಸೆ ಕಣ್ಮರೆಯಾಗುತ್ತದೆ.

ಆ ಹಲಗೆಯ ಅಂಚಿನಲ್ಲಿ ಕೆತ್ತಿದ ಮುಖ ಎಶುವಿನದು. ಕವಲುದಾರಿಗಳ ಒಡೆಯನೂ ಬಲಿಯನ್ನು ದೇವತೆಗಳಿಗೆ ಮುಟ್ಟಿಸುವ ದೂತನೂ ಆದ ಎಶು ಚೇಷ್ಟೆಯ ದೈವ ನಿಜ. ಆದರೆ ಕೇಡಿನ ಮೂರ್ತಿಯಲ್ಲ. ಹೀಗಿದ್ದೂ ಬೈಬಲಿನ ಯೊರುಬಾ ಅನುವಾದದಲ್ಲಿ ಸೈತಾನನಿಗೆ ಎಶುವಿನ ಹೆಸರೇ ಬಳಕೆಯಾಯಿತು. ಆ ಅನುವಾದದ ಮುಂದಾಳುವಾಗಿದ್ದ, 1864ರಲ್ಲಿ ಬಿಷಪ್ ಆದ ಸ್ಯಾಮ್ಯುಯೆಲ್ ಅಜಯಿ ಕ್ರೌಥರ್ ಸ್ವತಃ ಯೊರುಬಾ ಭಾಷಿಕರು. ಒಂದು ಪದದ ಆಯ್ಕೆಯಿಂದ ಒಂದು ದೈವದ ಚಾರಿತ್ರ್ಯವೇ ಬದಲಾಯಿತು. ಕನ್ನಡ ವಿದ್ವಾಂಸರಿಗೆ ಇದು ದೂರದ ಕಥೆಯಲ್ಲ. ಎ. ಸಿ. ಬರ್ನೆಲ್ ಸಂಗ್ರಹಿಸಿದ ತುಳುನಾಡಿನ ಭೂತಾರಾಧನೆಯ ಸಾಮಗ್ರಿ ಅವರ ಮರಣಾನಂತರ 1894ರಿಂದ 'ಇಂಡಿಯನ್ ಆ್ಯಂಟಿಕ್ವರಿ'ಯಲ್ಲಿ ಪ್ರಕಟವಾದುದು 'ತುಳುವರ ಪಿಶಾಚಾರಾಧನೆ' ಎಂಬರ್ಥದ ಇಂಗ್ಲಿಷ್ ಶೀರ್ಷಿಕೆಯಲ್ಲಿಯೇ.

ಇದಕ್ಕೆ ವಿರುದ್ಧವಾದ ದೋಷವೂ ಉಂಟು. ಇ. ಬೊಲಾಜಿ ಇಡೊವು 1962ರ ತಮ್ಮ 'ಒಲೊಡುಮಾರೆ' ಗ್ರಂಥದಲ್ಲಿ ಯೊರುಬಾ ಧರ್ಮವನ್ನು ಏಕದೇವವಾದಕ್ಕೆ ಹತ್ತಿರ ತಂದು ಅದರ ಗೌರವವನ್ನು ಎತ್ತಿಹಿಡಿದರು. ಆಫ್ರಿಕದ ದೇವತೆಗಳಿಗೆ ಇಂಥ ಪರಕೀಯ ಉಡುಗೆ ತೊಡಿಸುವುದನ್ನು ಉಗಾಂಡದ ಕವಿ ಒಕೊಟ್ ಪ'ಬಿಟೆಕ್ ಕಟುವಾಗಿ ಖಂಡಿಸಿದರು. ಇಫಾವನ್ನು 'ಆಫ್ರಿಕದ ವೇದ' ಎಂದು ಹೊಗಳುವ ಉತ್ಸಾಹವೂ ಇದೇ ಜಾತಿಯದು. ನಿಂದೆಯಂತೆ ಸ್ತುತಿಯೂ ಮೂಲವನ್ನು ಮರೆಮಾಡಬಲ್ಲದು.

ಇಂದು ಯೊರುಬಾ ಜನರಲ್ಲಿ ಬಹುಪಾಲು ಕ್ರೈಸ್ತರು ಇಲ್ಲವೆ ಮುಸ್ಲಿಮರು. ಆದರೂ ಇಫಾ ಉಳಿದಿದೆ. 2005ರಲ್ಲಿ ಯುನೆಸ್ಕೊ ಅದನ್ನು ಮಾನವಕುಲದ ಮೌಖಿಕ ಪರಂಪರೆಯ ಮೇರುಕೃತಿಗಳಲ್ಲಿ ಒಂದೆಂದು ಘೋಷಿಸಿತು. ವೊಲೆ ಸೊಯಿಂಕಾ ಅವರ ನಾಟಕಗಳನ್ನು ಕನ್ನಡದಲ್ಲಿ ಓದಬಯಸುವವರಿಗೆ ಈ ಲೋಕದ ಪರಿಚಯ ಅನಿವಾರ್ಯ. ಆದುದರಿಂದ ಒರಿಶಾ, ಒಡು, ಎಸೆ ಮೊದಲಾದ ಪದಗಳನ್ನು ಹಾಗೆಯೇ ಉಳಿಸಿಕೊಂಡು, ಅವುಗಳ ಕಾರ್ಯವನ್ನು ಕನ್ನಡದಲ್ಲಿ ವಿವರಿಸುವುದೇ ಉಚಿತ ಮಾರ್ಗ. ಹೊರನಾಡಿನ ಕನ್ನಡ ವಿಭಾಗಗಳು ದಿನನಿತ್ಯ ಎರಡು ಮೂರು ಭಾಷೆಗಳ ನಡುವೆ ಬಾಳುತ್ತಿವೆ. ಪದವೊಂದು ಗಡಿ ದಾಟುವಾಗ ಕಳೆದುಕೊಳ್ಳುವುದೇನೆಂಬುದನ್ನು ಅವು ಬಲ್ಲವು. ಇಂಥ ಪದಕೋಶವೊಂದನ್ನು ಸಿದ್ಧಪಡಿಸುವ ಹೊಣೆಯನ್ನು ಅವು ವಹಿಸಿಕೊಳ್ಳುವುದು ಯುಕ್ತ.