ಹಳೇ ಕಾರಿಗೆ ಟರ್ಬೊ ಬೇಡ, ಎಂಜಿನ್ ಬದಲಿಸಲು ದಾರಿ ಕೊಡಿ

ಸಂಪಾದಕರಿಗೆ,



ಕಳೆದ ಸಂಚಿಕೆಯ ವಾಹನ ಅಂಕಣದಲ್ಲಿ ಹಳೆಯ ಸೆಡಾನ್ ಕಾರಿಗೆ ಕಸುವು ತುಂಬಲು ಎರಡು ದಾರಿ ತೋರಿಸಿದ್ದೀರಿ. ಒಂದು, ಬೇರೆ ದೊಡ್ಡ ಎಂಜಿನ್ ಕೂರಿಸುವುದು. ಇನ್ನೊಂದು, ಇರುವ ಎಂಜಿನ್‌ಗೇ ಟರ್ಬೊ ಕಿಟ್ ಹಾಕುವುದು. ಖರ್ಚು ಲೆಕ್ಕ ಹಾಕಿ ಟರ್ಬೊವೇ ವಾಸಿ ಎಂದೂ ಬರೆದಿದ್ದೀರಿ. ಶಿವಮೊಗ್ಗದಲ್ಲಿ 26 ವರ್ಷಗಳಿಂದ ಗ್ಯಾರೇಜ್ ನಡೆಸುತ್ತಿರುವ ನನಗೆ ಈ ಮಾತು ಒಪ್ಪಿಗೆಯಿಲ್ಲ. ಆ ಲೆಕ್ಕದಲ್ಲಿ ಪಿಸ್ಟನ್, ಬ್ರೇಕು ಮತ್ತು ಆರ್‌ಸಿ (ನೋಂದಣಿ ಪತ್ರ) ಬಿಟ್ಟುಹೋಗಿವೆ.

ಎರಡು ವರ್ಷದ ಹಿಂದೆ ಹೈಸ್ಕೂಲ್ ಮೇಷ್ಟ್ರೊಬ್ಬರು ತಮ್ಮ ಮಾರುತಿ ಎಸ್ಟೀಮ್ ಕಾರನ್ನು ಹಗ್ಗ ಕಟ್ಟಿ ಎಳೆಸಿಕೊಂಡು ಬಂದರು. ಬೇರೆ ಊರಿನ ಗ್ಯಾರೇಜೊಂದರಲ್ಲಿ ಅದಕ್ಕೆ ಟರ್ಬೊ ಹಾಕಿಸಿದ್ದರು. “ಮೂರು ತಿಂಗಳೂ ಆಗ್ಲಿಲ್ಲ ಮಾರಾಯ್ರೇ, ಘಾಟಿ ಹತ್ತುವಾಗ ಟಕಟಕ ಅಂತ ಸದ್ದು ಬಂತು, ಆಮೇಲೆ ಹಿಂದೆಲ್ಲ ನೀಲಿ ಹೊಗೆ” ಅಂದರು. ಹೆಡ್ ಬಿಚ್ಚಿ ನೋಡಿದೆ. ಮೂರನೇ ಪಿಸ್ಟನ್‌ನ ಅಂಚು ಇಲಿ ಕಡಿದ ರೊಟ್ಟಿಯ ಹಾಗಿತ್ತು. ರಿಂಗ್ ಕೂರುವ ಜಾಗವೇ ಮುರಿದುಹೋಗಿ, ಅದರ ಚೂರುಗಳು ಸಿಲಿಂಡರ್ ಗೋಡೆಯ ಮೇಲೆ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರು ಎಳೆದಿದ್ದವು. ಮೇಷ್ಟ್ರು ಆ ಪಿಸ್ಟನ್ ಅನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ಸುಮ್ಮನೆ ನಿಂತರು. ಮಗಳ ಕಾಲೇಜು ಫೀಸಿಗೆಂದು ಇಟ್ಟಿದ್ದ ಹಣದಲ್ಲಿ ಆ ಕಿಟ್ ಹಾಕಿಸಿದ್ದರಂತೆ.

ಹೀಗೇಕಾಗುತ್ತದೆ ಎಂಬುದನ್ನು ನಿಮ್ಮ ಅಂಕಣ ಹೇಳಬೇಕಿತ್ತು. ಸೈಲೆನ್ಸರ್‌ಗೆ ಹೋಗುವ ಬಿಸಿ ಹೊಗೆಯಿಂದಲೇ ಟರ್ಬೊದ ಚಕ್ರ ನಿಮಿಷಕ್ಕೆ ಲಕ್ಷಕ್ಕೂ ಹೆಚ್ಚು ಸುತ್ತು ತಿರುಗಿ, ಎಂಜಿನ್ ಒಳಕ್ಕೆ ಗಾಳಿಯನ್ನು ಒತ್ತಿ ತುಂಬುತ್ತದೆ. ಒತ್ತಿದ ಗಾಳಿ ಕಾಯುತ್ತದೆ. ತಾನಾಗಿ ಗಾಳಿ ಎಳೆದುಕೊಳ್ಳುವಂತೆ ಮಾಡಿದ ಹಳೇ ಎಂಜಿನ್‌ನಲ್ಲಿ ಪಿಸ್ಟನ್ ಮೊದಲೇ ಗಾಳಿಯನ್ನು ಸುಮಾರು ಒಂಬತ್ತು ಪಟ್ಟು ಅದುಮುತ್ತಿರುತ್ತದೆ. ಅದರ ಮೇಲೆ ಟರ್ಬೊದ ಒತ್ತಡವೂ ಸೇರಿದರೆ, ನಮ್ಮ ಬಂಕುಗಳಲ್ಲಿ ಸಿಗುವ ಸಾಮಾನ್ಯ ಪೆಟ್ರೋಲ್, ಸ್ಪಾರ್ಕ್‌ನಿಂದ ಹೊತ್ತಿದ ಉರಿ ತಲುಪುವ ಮೊದಲೇ ತಾನೇ ಸಿಡಿಯುತ್ತದೆ. ಮೇಷ್ಟ್ರಿಗೆ ಕೇಳಿಸಿದ ಟಕಟಕ ಅದೇ, ನಾವು ನಾಕಿಂಗ್ ಅನ್ನುವುದು. ತಡೆಯಬೇಕಾದರೆ ಪಿಸ್ಟನ್, ಇಂಜೆಕ್ಟರ್, ಇಸಿಯು, ಇಂಟರ್‌ಕೂಲರ್, ಆಯಿಲ್ ಲೈನ್, ಕ್ಲಚ್ ಎಲ್ಲವನ್ನೂ ಬದಲಿಸಬೇಕು ಅಥವಾ ಹೊಸದಾಗಿ ಹೊಂದಿಸಬೇಕು. ಅಷ್ಟೆಲ್ಲ ಸೇರಿಸಿದರೆ ನಿಮ್ಮ ಅಗ್ಗದ ಲೆಕ್ಕ ಎಲ್ಲಿ ನಿಂತೀತು?

ಈಗಿನ ಕಾರುಗಳಲ್ಲಿ ಕಂಪನಿಯವರೇ ಟರ್ಬೊ ಕೊಡುತ್ತಾರಲ್ಲ ಎಂದು ಕೇಳಬಹುದು. 1990ರಲ್ಲಿ ಬಂದ ಮಾರುತಿ 1000 ಕಾರಿನ 970 ಸಿಸಿ ಎಂಜಿನ್ ಕೊಡುತ್ತಿದ್ದುದು 46 ಅಶ್ವಶಕ್ತಿ. ಇಂದು ಹೆಚ್ಚುಕಡಿಮೆ ಅಷ್ಟೇ ಗಾತ್ರದ ಟರ್ಬೊ ಎಂಜಿನ್ 100 ಅಶ್ವಶಕ್ತಿ ದಾಟುತ್ತದೆ. ಆದರೆ ಅದರ ಬ್ಲಾಕ್, ಕ್ರ್ಯಾಂಕ್, ಪಿಸ್ಟನ್, ತಂಪು ಮಾಡುವ ವ್ಯವಸ್ಥೆ ಎಲ್ಲವನ್ನೂ ಟರ್ಬೊಗೆಂದೇ ಮೊದಲಿನಿಂದ ಲೆಕ್ಕ ಹಾಕಿ ರೂಪಿಸಿರುತ್ತಾರೆ. ಇಪ್ಪತ್ತು ವರ್ಷ ದುಡಿದು ಸವೆದ ಎಂಜಿನ್‌ಗೆ ಹೊರಗಿನಿಂದ ಕಟ್ಟುವ ಕಿಟ್‌ಗೂ ಅದಕ್ಕೂ ಹೋಲಿಕೆ ಸಲ್ಲದು.

ಇನ್ನು ದೊಡ್ಡ ಎಂಜಿನ್ ಕೂರಿಸುವ ಮಾತು. ಇದು ನಮ್ಮ ದೇಶಕ್ಕೆ ಹೊಸದಲ್ಲ. ಹಳೇ ಫಿಯೆಟ್ ಬಾಡಿಗೆ ನಿಸಾನ್ ಎಂಜಿನ್ ಸೇರಿ ಪ್ರೀಮಿಯರ್ 118 ಎನ್‌ಇ ಆಯಿತು. ಭಾರಕ್ಕೆ ಏದುಸಿರು ಬಿಡುತ್ತಿದ್ದ ಕಾಂಟೆಸ್ಸಾ ಕಾರಿಗೆ ಇಸುಜು ಎಂಜಿನ್ ಬಂದ ಮೇಲೆ ಜೀವ ಬಂತು. ಮಾರುತಿ 1000ರ ಬಾಡಿಗೇ 1298 ಸಿಸಿ ಎಂಜಿನ್ ಹಾಕಿದಾಗ 1994ರ ಎಸ್ಟೀಮ್ ಹುಟ್ಟಿತು. ಇವೆಲ್ಲ ನಡೆದದ್ದು ಕಾರ್ಖಾನೆಯಲ್ಲಿ, ಪರೀಕ್ಷೆ ಮುಗಿಸಿಕೊಂಡು, ಸರ್ಕಾರದ ಒಪ್ಪಿಗೆ ಪಡೆದು. ಗ್ಯಾರೇಜಿನ ಚೈನ್ ಬ್ಲಾಕ್‌ಗೆ ಎಂಜಿನ್ ಎತ್ತುವುದು ಗೊತ್ತು; ಆ ಎಂಜಿನ್‌ಗೆ ತಕ್ಕ ಬ್ರೇಕು, ಸಸ್ಪೆನ್ಷನ್ ಯಾವುದೆಂದು ಹೇಳಲು ಗೊತ್ತಿಲ್ಲ. ವೇಗ 80ರಿಂದ 100ಕ್ಕೆ ಏರಿದರೆ ಬ್ರೇಕ್ ನುಂಗಬೇಕಾದ ಶಕ್ತಿ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಹಿಂದಿನ ಸೀಟಿನಲ್ಲಿ ಅಜ್ಜಿ, ಮೊಮ್ಮಕ್ಕಳನ್ನು ಕೂರಿಸಿಕೊಂಡು ಆಗುಂಬೆ ಘಾಟಿ ಇಳಿಯುವ ಕಾರಿನ ವಿಷಯ ಇದು. ರ‍್ಯಾಲಿ ಓಡಿಸುವವರ ಲೆಕ್ಕ ಬೇರೆ.

‘ಪಿಕಪ್ ಇಲ್ಲ’ ಎಂದು ನನ್ನಲ್ಲಿಗೆ ಬರುವ ಹಳೇ ಕಾರುಗಳಲ್ಲಿ ಹೆಚ್ಚಿನವಕ್ಕೆ ಬೇಕಾಗಿರುವುದು ಹೊಸ ಶಕ್ತಿಯಲ್ಲ, ಕಳೆದುಕೊಂಡ ಶಕ್ತಿ. ಮೊದಲು ಕಂಪ್ರೆಷನ್ ನೋಡಿಸಿ. ಮೂರು ಸಿಲಿಂಡರ್ ಸಮನಾಗಿದ್ದು ಒಂದು ಮಾತ್ರ ಕೆಳಗಿದ್ದರೆ ವಾಲ್ವ್, ರಿಂಗ್ ಅಥವಾ ಗ್ಯಾಸ್ಕೆಟ್‌ನಲ್ಲೇ ಉತ್ತರವಿರುತ್ತದೆ. ಅದೂ ಮೀರಿ ಬ್ಲಾಕೇ ಹೋಗಿದ್ದರೆ ಅದೇ ಕಂಪನಿಯ ಅದೇ ಮಾದರಿಯ ಎಂಜಿನ್ ಹಾಕಿಸಿ. ಮೇಷ್ಟ್ರ ಕಾರಿಗೆ ನಾನು ಮಾಡಿದ್ದೂ ಅದನ್ನೇ. ಬೆಂಗಳೂರಿನ ಗುಜರಿಯಿಂದ ಬಿಲ್ ಸಮೇತ ಎಂಜಿನ್ ತರಿಸಿ, ಬಿಚ್ಚಿ ನೋಡಿ, ರಿಂಗ್, ಬೇರಿಂಗ್ ಬದಲಿಸಿ ಕೂರಿಸಿದೆ.

ಕಷ್ಟ ಶುರುವಾದದ್ದು ಆಮೇಲೆ. ಹೊಸ ಎಂಜಿನ್ ನಂಬರ್ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದುಕೊಂಡು ಮೇಷ್ಟ್ರು ಆರ್‌ಟಿಒ ಕಚೇರಿಗೆ ಹೋದರು. ಒಂದು ಕೌಂಟರ್‌ನಲ್ಲಿ ಅಫಿಡವಿಟ್ ತನ್ನಿ ಎಂದರು, ಇನ್ನೊಂದರಲ್ಲಿ ಎಂಜಿನ್ ಯಾವ ಕಾರಿನದೋ ಅದರ ಕಾಗದ ತನ್ನಿ ಎಂದರು, ಮತ್ತೊಂದರಲ್ಲಿ ಇದೆಲ್ಲ ಈಗ ಆಗುವುದೇ ಇಲ್ಲ ಎಂದರು. ಆರ್‌ಸಿಯಲ್ಲಿ ನಂಬರ್ ಬದಲಾಗಲು ಐದು ತಿಂಗಳು ಹಿಡಿಯಿತು. “ಕದ್ದು ಹಾಕಿದ್ರೆ ಇಷ್ಟು ತೊಂದ್ರೆ ಇರ್ತಿರ್ಲಿಲ್ಲ ಅಲ್ವಾ?” ಎಂದು ಅವರು ಕೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಎಷ್ಟೋ ಜನ ಹಾಗೆ ಕದ್ದು ಹಾಕಿಸಿಕೊಂಡೇ ಓಡಾಡುತ್ತಿದ್ದಾರೆ.

ಕಾನೂನು ಏನು ಹೇಳುತ್ತದೆ? ಕಂಪನಿ ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸ ಬರುವಂತೆ ವಾಹನವನ್ನು ಬದಲಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಂತೆ, ಅನುಮತಿಯಿಲ್ಲದ ಭಾಗ ಅಳವಡಿಸಿದ ಮಾಲೀಕರಿಗೆ ಆರು ತಿಂಗಳವರೆಗೆ ಸೆರೆವಾಸ, ಇಲ್ಲವೇ ಪ್ರತಿ ಬದಲಾವಣೆಗೂ 5,000 ರೂಪಾಯಿ ದಂಡ, ಅಥವಾ ಎರಡೂ. ಅಪಘಾತವಾದರೆ, ತಿಳಿಸದೆ ಮಾಡಿದ ಬದಲಾವಣೆಯನ್ನು ಮುಂದಿಟ್ಟು ವಿಮೆಯವರು ಪರಿಹಾರಕ್ಕೆ ತಕರಾರು ತೆಗೆಯಬಹುದು. ಟರ್ಬೊ ಹಾಕಿಸಿ ಎನ್ನುವ ಅಂಕಣದಲ್ಲಿ ಇದರ ಒಂದು ಸಾಲೂ ಇರಲಿಲ್ಲ.

ಅದೇ 52ನೇ ಸೆಕ್ಷನ್‌ನಲ್ಲಿ ಇನ್ನೊಂದು ಮಾತೂ ಇದೆ. ಹತ್ತು ಅಥವಾ ಹೆಚ್ಚು ಸಾರಿಗೆ ವಾಹನ ಇಟ್ಟುಕೊಂಡವರು ಅದೇ ಕಂಪನಿಯ, ಅದೇ ಬಗೆಯ ಎಂಜಿನ್ ಅನ್ನು ಮೊದಲೇ ಒಪ್ಪಿಗೆ ಪಡೆಯದೆ ಬದಲಿಸಿಕೊಳ್ಳಲು ರಾಜ್ಯ ಸರ್ಕಾರ ಅನುಮತಿ ನೀಡಬಹುದು. ಹಾಗೆ ಬದಲಿಸಿದ ಮೇಲೆ 14 ದಿನದೊಳಗೆ ತಿಳಿಸಿದರಾಯಿತು. ಹತ್ತು ಲಾರಿಯ ಮಾಲೀಕರನ್ನು ನಂಬಬಹುದಾದ ಕಾನೂನು, ಒಂದೇ ಕಾರಿನ ಸಂಸಾರಸ್ಥರನ್ನು ತಿಂಗಳುಗಟ್ಟಲೆ ಅಲೆಸುವುದು ನ್ಯಾಯವೇ? ಹದಿನೈದು ವರ್ಷ ದಾಟಿದ ಕಾರಿನ ಮರುನೋಂದಣಿ ಶುಲ್ಕವನ್ನು 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿಸಿದರು. ಅದನ್ನು ಕಟ್ಟಿ, ತಪಾಸಣೆ ಮಾಡಿಸಿ, ಹಳೇ ಕಾರನ್ನು ಕಾನೂನುಬದ್ಧವಾಗಿ ಉಳಿಸಿಕೊಳ್ಳುವವರಿಗೆ ಒಂದು ಸ್ಪಷ್ಟ ದಾರಿಯನ್ನಾದರೂ ತೋರಿಸಬೇಡವೇ?

ಸಾರಿಗೆ ಇಲಾಖೆಗೆ ನನ್ನ ಮನವಿ ಇಷ್ಟೇ. ಅದೇ ಮಾದರಿಯ ಎಂಜಿನ್ ಬದಲಾವಣೆಗೆ ಬೇಕಾದ ಕಾಗದಗಳ ಒಂದೇ ಪಟ್ಟಿಯನ್ನು ಕನ್ನಡದಲ್ಲಿ ರಾಜ್ಯದ ಎಲ್ಲ ಆರ್‌ಟಿಒ ಕಚೇರಿಗಳ ಗೋಡೆಯ ಮೇಲೆ ಹಾಕಿ. ಅರ್ಜಿ ಕೊಟ್ಟ ದಿನದಿಂದ ಇಷ್ಟು ದಿನದೊಳಗೆ ತೀರ್ಮಾನ ಎಂದು ಗಡುವು ಗೊತ್ತುಮಾಡಿ. ಗುಜರಿಗೆ ಹೋದ ಕಾರಿನ ಎಂಜಿನ್ ನಂಬರ್ ಕದ್ದದ್ದಲ್ಲ ಎಂದು ಕೊಳ್ಳುವ ಮೊದಲೇ ಪರೀಕ್ಷಿಸಿಕೊಳ್ಳುವ ಅನುಕೂಲ ಮಾಡಿಕೊಡಿ.

ಪತ್ರಿಕೆಯವರಿಗೂ ಒಂದು ಕೋರಿಕೆ. ನಿಮ್ಮ ಮಾತು ನಂಬಿ ಜನ ಉಳಿತಾಯದ ಹಣ ಹಾಕುತ್ತಾರೆ. ಮುಂದಿನ ಸಂಚಿಕೆಯಲ್ಲಿ ಕಾನೂನಿನ ಈ ವಿವರವನ್ನು ಅದೇ ಅಂಕಣದಲ್ಲಿ, ಅಷ್ಟೇ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿ. ಮೇಷ್ಟ್ರ ಎಸ್ಟೀಮ್ ಈಗ ಕಂಪನಿ ಕೊಟ್ಟಷ್ಟೇ ಶಕ್ತಿಯಲ್ಲಿ, ಸರಿಯಾದ ಆರ್‌ಸಿ ಇಟ್ಟುಕೊಂಡು ದಿನವೂ ಶಾಲೆಗೆ ಓಡಾಡುತ್ತಿದೆ. ಘಾಟಿಯನ್ನೂ ಹತ್ತುತ್ತದೆ, ಸ್ವಲ್ಪ ನಿಧಾನವಾಗಿ.

ಇತಿ,
ಗ್ಯಾರೇಜ್ ನಡೆಸುವ ಒಬ್ಬ ಓದುಗ,
ಶಿವಮೊಗ್ಗ