ಬೂದಿ ಯಾವ ಹೊಳೆಗೆ?

ಹಿರಿಯರು ತೀರಿಕೊಂಡ ಮನೆಯಲ್ಲಿ ಮೂರನೆಯ ದಿನ ಒಂದು ಮಾತು ಏಳುತ್ತದೆ. ಚಿತೆ ಆರಿದೆ. ಅಸ್ಥಿ ಆಯ್ದು ಗಡಿಗೆಗೆ ತುಂಬಿ, ಬಾಯಿಗೆ ಬಟ್ಟೆ ಕಟ್ಟಿದ್ದಾಗಿದೆ. ಇನ್ನು ಬಿಡುವುದು ಎಲ್ಲಿ?

ಯಾದಗಿರಿ, ಶಹಾಪುರ, ಸುರಪುರದ ಸೀಮೆಯಲ್ಲಿ ಹೂಳುವ ಪದ್ಧತಿಯವರೇ ಬಹಳ. ಅವರಿಗೆ ಈ ಪ್ರಶ್ನೆ ಇಲ್ಲ. ಸುಡುವ ಮನೆಗಳಿಗೆ ಮಾತ್ರ ಇದು ತಪ್ಪಿದ್ದಲ್ಲ. ಸುರಪುರದ ಅಂಥ ಒಂದು ಮನೆಯನ್ನು ಊಹಿಸಿಕೊಳ್ಳಿ. ಬೆಂಗಳೂರಿನಲ್ಲಿ ದುಡಿಯುವ ದೊಡ್ಡ ಮಗ, "ಅಪ್ಪನ್ನ ಕಾಶಿಗೇ ಒಯ್ಯೋಣು. ಇಲ್ಲಾಂದ್ರ ಮಂದಿ ಏನಂತಾರ?" ಎನ್ನುತ್ತಾನೆ. ತಮ್ಮನ ಮಾತು ಬೇರೆ: "ತಿಂಥಣಿ ಸಮೀಪ ಅದ. ಅಲ್ಲಿ ಹರಿಯೋದು ಕೃಷ್ಣಾನೇ ಅಲ್ಲೇನು?" ಯಾದಗಿರಿಗೆ ಕೊಟ್ಟ ಮಗಳು, "ನಮ್ಮ ಭೀಮಾ ಏನ್ ಕಡಿಮಿ, ಅಣ್ಣಾ?" ಎಂದು ಕೇಳುತ್ತಾಳೆ. ನಾಲ್ಕು ಮಂದಿ ಕಾಶಿಗೆ ಹೋಗಿಬರಲು ರೊಕ್ಕ? ಮೊಮ್ಮಗಳ ಕಾಲೇಜಿನ ಫೀಗೆ ಎತ್ತಿಟ್ಟದ್ದು ಇದೆಯಲ್ಲ! ಇಷ್ಟೆಲ್ಲ ಮಾತಿನ ನಡುವೆ, ಮೂಲೆಯಲ್ಲಿ ಕುಳಿತ ತಾಯಿಯನ್ನು ಯಾರೂ ಕೇಳುವುದಿಲ್ಲ. ಪಿಯುಸಿ ಓದುವ ಮೊಮ್ಮಗಳನ್ನಂತೂ ಕೇಳುವ ಪ್ರಸಂಗವೇ ಬರುವುದಿಲ್ಲ.

ಆ ಹುಡುಗಿ ತನ್ನ ಭೂಗೋಳದ ಪುಸ್ತಕ ತೆರೆದು ತೋರಿಸಿದರೆ ಅರ್ಧ ವಾದ ಅಲ್ಲಿಗೇ ಮುಗಿದೀತು. ಮಹಾಬಳೇಶ್ವರದಲ್ಲಿ ಹುಟ್ಟುವ ಕೃಷ್ಣೆ, ಭೀಮಾಶಂಕರದಲ್ಲಿ ಹುಟ್ಟುವ ಭೀಮೆ ಎರಡೂ ಸಹ್ಯಾದ್ರಿಯ ಮಕ್ಕಳು. ಯಾದಗಿರಿ ದಾಟಿದ ಭೀಮೆ ತೆಲಂಗಾಣದ ಗಡಿಯ ಬಳಿ ಕೃಷ್ಣೆಯನ್ನು ಕೂಡುತ್ತಾಳೆ. ಅಲ್ಲಿಂದ ಮುಂದೆ ಒಂದೇ ನೀರು. ಹೋಗಿ ಸೇರುವುದು ಬಂಗಾಳ ಕೊಲ್ಲಿಗೆ. ಗಂಗೆ ಸೇರುವುದೂ ಅದೇ ಕೊಲ್ಲಿಗೆ!

ನಂಬಿಕೆಗೆ ಭೂಗೋಳವಷ್ಟೇ ಸಾಲದು, ನಿಜ. ಕಾಶಿ ಎಂಬುದು ಕೆಲವರ ಜೀವಮಾನದ ಆಸೆ. ತೀರಿಕೊಂಡವರು ಹಾಗೆ ಬಯಸಿದ್ದರೆ, ಮನೆಗೆ ಅನುಕೂಲವೂ ಇದ್ದರೆ, ಒಯ್ಯುವುದೇ ಸರಿ. ಆದರೆ ಮಂದಿಯ ಬಾಯಿಗೆ ಹೆದರಿ ಸಾಲ ಮಾಡುವುದು ಹೋದವರಿಗೂ ಸಲ್ಲದು, ಇದ್ದವರಿಗೂ ಸಲ್ಲದು.

ಈ ಜಗಳ ಇಂದು ನಿನ್ನೆಯದಲ್ಲ. ಶಹಾಪುರದ ಬೆಟ್ಟಸಾಲು ಮಲಗಿದ ಬುದ್ಧನಂತೆ ಕಾಣುವುದನ್ನು ನೋಡದವರು ಈ ಭಾಗದಲ್ಲಿ ಕಡಿಮೆ. ಆ ಬುದ್ಧನ ಅಸ್ಥಿಗಾಗಿಯೇ ಅರಸರು ಯುದ್ಧಕ್ಕೆ ಸಿದ್ಧರಾಗಿದ್ದರೆಂದು ಬೌದ್ಧ ಗ್ರಂಥಗಳು ಹೇಳುತ್ತವೆ. ದ್ರೋಣನೆಂಬ ಬ್ರಾಹ್ಮಣ ನಡುವೆ ನಿಂತು, ಎಂಟು ಪಾಲು ಮಾಡಿ, ಎಲ್ಲರನ್ನೂ ಸಮಾಧಾನಪಡಿಸಿದನಂತೆ. ಪಾಲು ಮಾಡಿದರೆ ಪ್ರೀತಿ ಕಡಿಮೆಯಾಗದು ಎಂಬುದು ಅಂದಿಗೇ ತಿಳಿದಿತ್ತು.

ಗಾಂಧೀಜಿಯವರ ಚಿತಾಭಸ್ಮವನ್ನೂ ಹಂಚಲಾಯಿತು. 1948ರ ಫೆಬ್ರವರಿ 12ರಂದು ಪ್ರಯಾಗದ ತ್ರಿವೇಣಿ ಸಂಗಮದಲ್ಲಿ ವಿಸರ್ಜನೆ ನಡೆಯಿತು. ನಮ್ಮ ಶ್ರೀರಂಗಪಟ್ಟಣದ ಬಳಿಯ ಪಶ್ಚಿಮವಾಹಿನಿಯಲ್ಲಿ ಕಾವೇರಿಗೂ ಒಂದು ಪಾಲು ಸಂದಿತು. ಆದರೆ ಇನ್ನೊಂದು ಪಾಲು ಒಡಿಶಾದ ಕಟಕ್‌ನ ಬ್ಯಾಂಕೊಂದರಲ್ಲಿ ದಶಕಗಳ ಕಾಲ ಹಾಗೆಯೇ ಉಳಿದಿತ್ತು. ಮರಿಮಗ ತುಷಾರ್ ಗಾಂಧಿ ಅದನ್ನು ಸಂಗಮದಲ್ಲಿ ಬಿಟ್ಟದ್ದು 1997ರ ಜನವರಿ 30ರಂದು. ಮಹಾತ್ಮರ ಬೂದಿಯೇ ಹೀಗೆ ಕಾಯಬೇಕಾಯಿತೆಂದರೆ ಸಾಮಾನ್ಯರ ಮನೆಯ ಗಡಿಗೆಯ ಪಾಡೇನು?

ನೆಹರೂ ಅವರು ಈ ತೊಡಕನ್ನು ಬದುಕಿರುವಾಗಲೇ ಬಿಡಿಸಿಟ್ಟರು. ಒಂದು ಹಿಡಿ ಬೂದಿ ಅಲಹಾಬಾದಿನ ಗಂಗೆಗೆ, ಹೆಚ್ಚಿನ ಪಾಲು ವಿಮಾನದಿಂದ ರೈತರು ದುಡಿಯುವ ಹೊಲಗಳ ಮೇಲೆ ಎಂದು 1954ರಲ್ಲೇ ಉಯಿಲು ಬರೆದರು. 1964ರಲ್ಲಿ ಅವರು ತೀರಿಕೊಂಡಾಗ 'ಎಲ್ಲಿ' ಎಂಬ ಪ್ರಶ್ನೆ ಉಳಿದಿರಲಿಲ್ಲ.

ಹೊಳೆಯೇ ಆದರೆ ಕೆಲವು ಎಚ್ಚರಿಕೆ ಬೇಕು. ಬೇಸಿಗೆಯಲ್ಲಿ ಭೀಮೆಯಲ್ಲಿ ನೀರಿಗಿಂತ ಮರಳೇ ಹೆಚ್ಚು. ಮಳೆಗಾಲದಲ್ಲಿ ನಾರಾಯಣಪುರದ ಬಸವಸಾಗರದಿಂದ ನೀರು ಬಿಟ್ಟಾಗ ಕೃಷ್ಣೆಗೆ ಇಳಿಯುವುದು ಜೀವಕ್ಕೇ ಅಪಾಯ. ನಾಲ್ಕು ದಿನ ತಡೆದರೆ ತಪ್ಪೇನಿಲ್ಲ. ಮೂಳೆಯ ಬೂದಿ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್. ಒಂದು ಗಡಿಗೆ ಬೂದಿಯಿಂದ ತುಂಬಿದ ಹೊಳೆ ಕೆಡದು. ಅದರ ಹಿಂದೆಯೇ ಎಸೆಯುವ ಪ್ಲಾಸ್ಟಿಕ್ ಚೀಲ, ಬಟ್ಟೆ, ಹಾಸಿಗೆಗಳಿಂದ ಕೆಡುತ್ತದೆ. ಕೆಳಗಿನ ಊರಿನವರು ಅದೇ ನೀರು ಕುಡಿಯುವವರು.

ಎಲ್ಲಕ್ಕಿಂತ ಮೊದಲ ಕೆಲಸ ಕೇಳುವುದು. ಸಾವಿನ ಮಾತು ಅಪಶಕುನವೆಂದು ದೊಡ್ಡವರು ಹಿಂಜರಿಯುತ್ತಾರೆ. ಮೊಮ್ಮಕ್ಕಳು ಕೇಳಿದರೆ ಮುತ್ಯಾ, ಆಯಿ ನಕ್ಕು ಉತ್ತರ ಕೊಟ್ಟಾರು. ಊಟವಾದ ಮೇಲೆ ಬಳಿ ಕುಳಿತು, "ಆಯಿ, ನಿನ್ನ ಮನಸ್ಸಿನಾಗ ಏನದ?" ಎಂದು ಒಮ್ಮೆ ಕೇಳಿ ನೋಡಿ. ಆಕೆ ಕಾಶಿ ಎನ್ನಬಹುದು, ಕೃಷ್ಣೆ ಎನ್ನಬಹುದು. ಹೊಲದ ಬದುವಿನ ಬೇವಿನ ಗಿಡದ ಬುಡವೇ ಸಾಕು ಎನ್ನಲೂಬಹುದು. ಉತ್ತರ ಯಾವುದೇ ಇರಲಿ, ಅದನ್ನು ಮನೆಯವರೆಲ್ಲರಿಗೂ ತಿಳಿಸಿಡಿ. ಮುಂದೆ ಮಕ್ಕಳು ಒಬ್ಬರ ಮೇಲೊಬ್ಬರು ಮುನಿಸಿಕೊಂಡು ಹೊಳೆಯ ದಂಡೆಗೆ ಹೋಗುವುದಾದರೂ ತಪ್ಪುತ್ತದೆ.