ಸಾರವಾಡದ ಗೋಡೆಯ ಚಿತ್ರಕ್ಕೆ ಬೆಲೆ ಎಷ್ಟು?

ಮಕ್ಕಳೇ, ಜೊತೆಗೆ ಕೂತು ಓದುತ್ತಿರುವ ಅಜ್ಜ-ಅಜ್ಜಿಯರೇ,

ಈ ವಾರ ನಮ್ಮ ‘ಅಟ್ಟದ ಪೆಟ್ಟಿಗೆ’ ತೆರೆದದ್ದು ವಿಜಯಪುರದ ಹತ್ತಿರದ ಸಾರವಾಡದಲ್ಲಿ. ಅಲ್ಲಿನ ಏಳನೇ ತರಗತಿಯ ಹುಡುಗಿಯೊಬ್ಬಳು ಕಾಗದ ಬರೆದಿದ್ದಳು. ಅವರ ಹಳೆಯ ಮಣ್ಣಿನ ಮಾಳಿಗೆ ಮನೆಯನ್ನು ಕೆಡವಿ ಹೊಸದು ಕಟ್ಟಬೇಕಂತೆ. ಪಡಸಾಲೆಯ ಗೋಡೆಯಿಂದ ಒಂದು ಕಪ್ಪು-ಬಿಳಿ ಚಿತ್ರ ಇಳಿಸಿದ್ದಾರೆ. ಅವತ್ತಿನಿಂದ ಮನೆಯಲ್ಲಿ ಅದರದೇ ಮಾತು.

“ಬಾಜೂ ಮನಿಯವರು ಇದು ಸಹಿ ಇರೋ ಎಚಿಂಗ್, ಲಕ್ಷಕ್ಕ ಕಡಿಮಿ ಇಲ್ಲ ಅಂತಾರ. ಹಳೆ ಸಾಮಾನು ಕೊಳ್ಳಾವರು ಐನೂರು ರೂಪಾಯಿ, ಮ್ಯಾಲ ಎರಡು ಬಕೆಟ್ ಕೊಡತೀವಿ ಅಂತಾರ. ಕಾಕಾ ಅಂಚು ಕತ್ತರಿಸಿ ಸಣ್ಣ ಫ್ರೇಮಿಗೆ ಹಾಕೂಣು ಅಂತಾರ. ಮುತ್ಯಾ ಏನೂ ಮಾತಾಡವಲ್ರು. ಯಾರ ಮಾತು ಖರೆ?”

ಆ ಸೀಮೆಯಲ್ಲಿ ಅಜ್ಜನಿಗೆ ಮುತ್ಯಾ ಅನ್ನುತ್ತಾರೆ. ಮುತ್ಯಾ ಸುಮ್ಮನಿದ್ದಾರೆ ಅಂದರೆ ಒಳಗೆ ಏನೋ ಇದೆ ಅನ್ನಿಸಿತು. ಭೂತಗನ್ನಡಿ ಜೇಬಿಗೆ ಹಾಕಿಕೊಂಡು ಬಸ್ಸು ಹತ್ತಿದೆ.

ಹೋದಾಗ ಚಿತ್ರ ಮಂಚದ ಮೇಲಿತ್ತು. ಪಕ್ಕದಲ್ಲೇ ಕತ್ತರಿ! ಎಲ್ಲಿ ಕತ್ತರಿಸಬೇಕೆಂದು ಕಾಕಾ ಪೆನ್ಸಿಲ್‌ನಿಂದ ಗೆರೆಯನ್ನೂ ಎಳೆದಿದ್ದರು. “ಒಂದು ತಾಸು ತಡೀರಿ” ಎಂದು ಕೇಳಿಕೊಂಡೆ. ಕೈ ತೊಳೆದು, ಒರೆಸಿಕೊಂಡು, ಮೇಜಿನ ಮೇಲೆ ಒಗೆದ ಪಂಚೆ ಹಾಸಿ ಚಿತ್ರವನ್ನು ಮಲಗಿಸಿದೆವು. ನೋಡುವುದೆಲ್ಲ ಹುಡುಗಿಯ ಕೆಲಸ, ಕೇಳುವುದಷ್ಟೇ ನನ್ನ ಕೆಲಸ.

ಮೊದಲು ಭೂತಗನ್ನಡಿಯಲ್ಲಿ ಅವತ್ತಿನ ಪತ್ರಿಕೆಯ ಒಂದು ಫೋಟೊ ನೋಡಲು ಹೇಳಿದೆ. “ಬರೇ ಚುಕ್ಕಿ! ಸಾಲಾಗಿ ನಿಂತಾವ” ಅಂದಳು. ಈಗಿನ ಅಚ್ಚಿನ ಗುರುತೇ ಅದು. ಹಳೆಯ ಚಿತ್ರವನ್ನು ಇತ್ತೀಚೆಗೆ ನಕಲು ಮಾಡಿ ಅಚ್ಚು ಹಾಕಿದ್ದರೆ ಸಾಮಾನ್ಯವಾಗಿ ಇಂಥ ಚುಕ್ಕಿಗಳೇ ಕಾಣುತ್ತವೆ. ಆಮೇಲೆ ಗೋಡೆಯ ಚಿತ್ರ ನೋಡಿದಳು. “ಇದರಾಗ ಚುಕ್ಕಿ ಸಾಲಿಲ್ಲ. ಬರೇ ಗೆರಿ, ಕೂದಲಿನಂಥ ಗೆರಿ.” ಮೊದಲ ಪರೀಕ್ಷೆಯಲ್ಲಿ ಚಿತ್ರ ಪಾಸಾಯಿತು.

ಈ ಗೆರೆ ಬಂದದ್ದು ಹೇಗೆ? ನಿಮ್ಮ ಮನೆಯ ಹಿತ್ತಾಳೆ ತಂಬಿಗೆಯ ಮೇಲೆ ಅಜ್ಜಿಯ ಹೆಸರು ಕೊರೆದಿರುತ್ತಾರಲ್ಲ, ಹಾಗೆಯೇ ಲೋಹದ ತಗಡಿನ ಮೇಲೆ ಚಿತ್ರ ಕೊರೆಯುತ್ತಾರೆ. ಕೊರೆದ ಗೆರೆಗಳಲ್ಲಿ ಶಾಯಿ ತುಂಬಿ, ತಗಡಿನ ಮೇಲ್ಭಾಗವನ್ನು ಒರೆಸಿ, ಒದ್ದೆ ಕಾಗದ ಹಾಸಿ ಯಂತ್ರದಲ್ಲಿ ಒತ್ತುತ್ತಾರೆ. ಗೆರೆಯೊಳಗಿನ ಶಾಯಿ ಕಾಗದಕ್ಕೆ ಏರುತ್ತದೆ. ಅದಕ್ಕೇ ಬೆಳಕಿಗೆ ಓರೆಯಾಗಿ ಹಿಡಿದರೆ ಗೆರೆಗಳು ಲಗ್ನಪತ್ರಿಕೆಯ ಉಬ್ಬಕ್ಷರದಂತೆ ತುಸು ಎದ್ದು ಕಾಣುತ್ತವೆ.

ಕೊರೆಯುವುದರಲ್ಲಿ ಎರಡು ಬಗೆ. ಚೂಪಾದ ಉಳಿಯಿಂದ ನೇರವಾಗಿ ಲೋಹವನ್ನು ಕೊರೆದರೆ ಅದು ಕೆತ್ತನೆ. ತಗಡಿಗೆ ಮೇಣದಂಥ ಲೇಪ ಬಳಿದು, ಸೂಜಿಯಿಂದ ಆ ಲೇಪದ ಮೇಲಷ್ಟೇ ಚಿತ್ರ ಗೀಚಿ, ತಗಡನ್ನು ಆಮ್ಲದಲ್ಲಿ ಇಟ್ಟರೆ, ಗೀಚಿದ ಕಡೆ ಮಾತ್ರ ಆಮ್ಲ ಲೋಹವನ್ನು ತಿನ್ನುತ್ತದೆ. ಅದು ಎಚಿಂಗ್. ಉಳಿಯ ಗೆರೆ ನಡುವೆ ದಪ್ಪವಾಗಿ ತುದಿಯಲ್ಲಿ ಭತ್ತದ ಮೊನೆಯಂತೆ ಸಣ್ಣಗಾಗುತ್ತದೆ. ಎಚಿಂಗ್ ಗೆರೆಯ ತುದಿ ಮೊಂಡು. ಸಾರವಾಡದ ಚಿತ್ರದಲ್ಲಿ ಗಿಡಗಂಟಿಗಳ ಗೆರೆ ಮೊಂಡಾಗಿತ್ತು, ಆಕಾಶದ ಮತ್ತು ಕಟ್ಟಡದ ಗೆರೆ ಚೂಪಾಗಿತ್ತು. ಅಂದರೆ ಎರಡೂ ಬೆರೆತಿವೆ. ಆ ಕಾಲದ ನಿಸರ್ಗಚಿತ್ರಗಳನ್ನು ಹೀಗೆ ಎಚಿಂಗ್‌ನಿಂದ ಶುರು ಮಾಡಿ ಉಳಿಯಿಂದ ಮುಗಿಸುವುದು ವಾಡಿಕೆಯಾಗಿತ್ತು.

“ಹಂಗಾರ ಸಹಿ?” ಕಾಕಾ ಕೇಳಿದರು.

ಚಿತ್ರದ ಕೆಳಗೆ ಎಡಕ್ಕೊಂದು, ಬಲಕ್ಕೊಂದು ಸಣ್ಣ ಇಂಗ್ಲಿಷ್ ಹೆಸರು ಇದ್ದವು. ಭೂತಗನ್ನಡಿಯಲ್ಲಿ ನೋಡಿದರೆ ಅವೂ ಚಿತ್ರದ ಗೆರೆಯಂತೆಯೇ ತಗಡಿನಲ್ಲಿ ಕೊರೆದ ಅಕ್ಷರಗಳು. ಅವು ಸಹಿ ಅಲ್ಲ, ಅಚ್ಚಾದ ಹೆಸರು. ಎಡಗಡೆ ಚಿತ್ರ ಬರೆದವನು, ಬಲಗಡೆ ಕೊರೆದವನು. ಕೆಲವು ಚಿತ್ರಗಳಲ್ಲಿ ಹೆಸರಿನ ಮುಂದೆ ‘ಡೆಲ್’, ‘ಸ್ಕಲ್ಪ್’ ಎಂಬ ಲ್ಯಾಟಿನ್ ತುಂಡುಪದಗಳಿರುತ್ತವೆ. ಮೊದಲನೆಯದಕ್ಕೆ ಬರೆದವನು, ಎರಡನೆಯದಕ್ಕೆ ಕೊರೆದವನು ಎಂದರ್ಥ. ಕಲಾವಿದರು ಕಾಗದದ ಅಂಚಿನಲ್ಲಿ ಪೆನ್ಸಿಲ್‌ನಿಂದ ಸಹಿ ಹಾಕುವ ರೂಢಿ ಬೆಳೆದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ಬಂಗಾಳದ ಮುಕುಲ್ ದೇ 1916ರಲ್ಲಿ ಎಚಿಂಗ್ ಕಲಿಯಲೆಂದೇ ಅಮೆರಿಕಕ್ಕೆ ಹೋದವರು. ಅವರ ಕಾಲದ, ಅವರ ನಂತರದ ಎಚಿಂಗ್‌ಗಳಲ್ಲಿ ಕೈಬರಹದ ಸಹಿ ಹುಡುಕಬೇಕು. ‘7/25’ ಎಂದು ಬರೆದಿದ್ದರೆ, 25 ಪ್ರತಿಗಳಲ್ಲಿ ಅದು 7ನೆಯದು.

ಕೊನೆಗೆ ಉಳಿದದ್ದು ನಡುವಿನ ಶೀರ್ಷಿಕೆ. ಹುಡುಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. “ಸಿಂಘಮ್ ಮಹಲ್... ಟೋರ್ವೇ... ಬೆಜಾಪೋರ್.” ಒಂದು ಕ್ಷಣ ಸುಮ್ಮನಾದಳು. ಆಮೇಲೆ, “ಮುತ್ಯಾ! ಟೋರ್ವೇ ಅಂದ್ರ ನಮ್ಮ ತೊರವಿ!” ಎಂದು ಕೂಗಿದಳು.

ಮುತ್ಯಾ ಮೊದಲ ಸಲ ಬಾಯಿ ಬಿಟ್ಟರು. “ಎಪ್ಪತ್ತು ವರ್ಷ ನೋಡೀನ್ರೀ. ಇದು ಯಾವುದೋ ಪರದೇಶದ ಅರಮನಿ ಅಂತ ತಿಳಿದಿದ್ನಿ.”

ತೊರವಿ ಇರುವುದು ವಿಜಯಪುರದ ಪಶ್ಚಿಮಕ್ಕೆ, ಕೆಲವೇ ಕಿಲೋಮೀಟರ್ ದೂರದಲ್ಲಿ. ಸಂಗೀತಪ್ರೇಮಿ ಸುಲ್ತಾನ ಎರಡನೇ ಇಬ್ರಾಹಿಂ ಆದಿಲ್‌ಶಾಹ 1599ರಲ್ಲಿ ಅಲ್ಲಿ ನವರಸಪುರ ಎಂಬ ಹೊಸ ನಗರ ಕಟ್ಟಿಸಲು ತೊಡಗಿದ. 1624ರಲ್ಲಿ ಮಲಿಕ್ ಅಂಬರನ ಸೇನೆ ಅದನ್ನು ಹಾಳುಗೆಡವಿತು. ಉಳಿದದ್ದರಲ್ಲಿ ಮುಖ್ಯವಾದುದು ಸಂಗೀತ ಮಹಲ್. ಬ್ರಿಟಿಷ್ ನೌಕಾಪಡೆಯ ಅಧಿಕಾರಿ ರಾಬರ್ಟ್ ಎಲಿಯಟ್ ಈ ಭಾಗದಲ್ಲಿ ತಿರುಗಾಡಿ ರೇಖಾಚಿತ್ರ ಬರೆದುಕೊಂಡಿದ್ದ. ಅವುಗಳನ್ನು ನೋಡಿ ಸ್ಯಾಮ್ಯುಯೆಲ್ ಪ್ರೌಟ್ ಮೊದಲಾದ ಕಲಾವಿದರು ಇಂಗ್ಲೆಂಡಿನಲ್ಲಿ ಕೂತು ಚಿತ್ರ ಬರೆದರು, ಕೆತ್ತನೆಗಾರರು ಉಕ್ಕಿನ ತಗಡಿನ ಮೇಲೆ ಕೊರೆದರು. 1830ರಿಂದ 1833ರೊಳಗೆ ಲಂಡನ್ನಿನಲ್ಲಿ ‘ವ್ಯೂಸ್ ಇನ್ ದಿ ಈಸ್ಟ್’ ಎಂಬ ಪುಸ್ತಕವಾಗಿ ಅವು ಹೊರಬಂದವು. ಪ್ರೌಟ್ ಭಾರತವನ್ನು ಕಂಡವರೇ ಅಲ್ಲ! ಅದಕ್ಕೇ ಇಂಥ ಚಿತ್ರಗಳಲ್ಲಿ ಕಟ್ಟಡದ ಜೊತೆಗೆ ಕಲ್ಪನೆಯೂ ಸೇರಿಕೊಂಡಿರುತ್ತದೆ.

ಇನ್ನು ಬೆಲೆ. ತಾಮ್ರದ ತಗಡು ಬೇಗ ಸವೆಯುತ್ತದೆ, ಉಕ್ಕಿನದು ಸಾವಿರಾರು ಪ್ರತಿ ತಾಳುತ್ತದೆ. ಹಾಗಾಗಿ ಇಂಥ ಪ್ರತಿಗಳು ಬಹಳ ಇದ್ದವು. ಹಳೆ ಪುಸ್ತಕಗಳನ್ನು ಬಿಚ್ಚಿ ಒಂದೊಂದೇ ಹಾಳೆ ಮಾರುವವರೂ ಇದ್ದಾರೆ. ಬಿಡಿ ಹಾಳೆಗೆ ಸಿಗುವುದು ಕೆಲವು ಸಾವಿರ ರೂಪಾಯಿ. ಕಂದು ಚುಕ್ಕೆ, ಹರಿದ ಅಂಚು ಇದ್ದರೆ ಇನ್ನೂ ಕಡಿಮೆ. ಅಂಚು ಕತ್ತರಿಸಿ ಹೆಸರು, ಊರು, ಶೀರ್ಷಿಕೆ ಹೋದರಂತೂ ಅದು ಯಾವ ಚಿತ್ರವೆಂದು ಹೇಳುವುದೇ ಕಷ್ಟ. ಇನ್ನೊಂದು ಮಾತು: 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ 100 ವರ್ಷ ದಾಟಿದ ಕಲಾವಸ್ತುವನ್ನು ನಾವು ನೀವು ಹೊರದೇಶಕ್ಕೆ ಕಳಿಸುವಂತಿಲ್ಲ.

ಇದನ್ನು ಮುತ್ಯಾ ಅವರಿಗೆ ಹೇಳುವುದು ನನಗೆ ಕಷ್ಟವಾಯಿತು. ಅವರು ನಕ್ಕರು. “ಲಕ್ಷ ಅಂದಿದ್ರಲ್ಲರೀ, ಸ್ಲ್ಯಾಬಿಗೆ ಆಗತೈತಿ ಅಂತ ರಾತ್ರೆಲ್ಲ ಲೆಕ್ಕ ಹಾಕೀನಿ. ಹೋಗ್ಲಿ ಬಿಡ್ರಿ.” ಸ್ವಲ್ಪ ಹೊತ್ತಿನ ಮೇಲೆ ತಾವಾಗಿಯೇ ಹೇಳತೊಡಗಿದರು. ಅವರ ಅಪ್ಪ ವಿಜಾಪುರದಲ್ಲಿ ಕಾರಕೂನರಾಗಿದ್ದರು. ವರ್ಗವಾಗಿ ಹೋದ ಸಾಹೇಬರೊಬ್ಬರು ಕೊಟ್ಟ ಚಿತ್ರವನ್ನು ಧೋತರದಲ್ಲಿ ಸುತ್ತಿ ಚಕ್ಕಡಿಯಲ್ಲಿ ತಂದಿದ್ದರು. ಮಳೆ ಬಂದಾಗ ತಾವು ತೊಯ್ದು ಚಿತ್ರವನ್ನು ಜೋಳದ ಚೀಲದ ನಡುವೆ ಇಟ್ಟಿದ್ದರಂತೆ. ಕಾಕಾಗೂ ಈ ಕಥೆ ಗೊತ್ತಿರಲಿಲ್ಲ. ಕೇಳುತ್ತ ಕೇಳುತ್ತ ಅವರು ಕತ್ತರಿಯನ್ನು ಗೂಡಿನಲ್ಲಿಟ್ಟು ಬಂದರು.

ಹುಡುಗಿ ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಳು, ಮುತ್ಯಾ ಕೆಳಗೆ ಸಹಿ ಹಾಕಿದರು. ಆ ಮನೆಯಲ್ಲಿ ಕೈಯಿಂದ ಹಾಕಿದ ಸಹಿ ಇರುವ ಹಾಳೆ ಈಗ ಅದೊಂದೇ! ಬರುವ ಭಾನುವಾರ ಇಬ್ಬರೂ ತೊರವಿಗೆ ಹೋಗಿ, ಚಿತ್ರದಲ್ಲಿರುವ ಕಮಾನುಗಳನ್ನು ಅಲ್ಲಿರುವ ಕಮಾನುಗಳ ಜೊತೆ ಹೋಲಿಸಿ ನೋಡುತ್ತಾರಂತೆ. ಎಷ್ಟು ಕಮಾನು ಹೊಂದಿದವು ಎಂದು ನನಗೆ ಬರೆಯಬೇಕು.

ಈ ವಾರದ ಕೆಲಸ: ನಿಮ್ಮ ಮನೆಯ ಹಳೆಯ ಚಿತ್ರವೊಂದನ್ನು ಭೂತಗನ್ನಡಿಯಲ್ಲಿ ನೋಡಿ. ಚುಕ್ಕಿಯೋ, ಗೆರೆಯೋ? ಅಂಚಿನಲ್ಲಿ ಏನು ಬರೆದಿದೆ? ಒದ್ದೆ ಬಟ್ಟೆಯಿಂದ ಒರೆಸಬೇಡಿ, ಟೇಪು ಹಚ್ಚಬೇಡಿ, ಲ್ಯಾಮಿನೇಷನ್ ಮಾಡಿಸಬೇಡಿ, ಬಿಸಿಲು ಬೀಳುವ ಗೋಡೆಗೆ ತೂಗುಹಾಕಬೇಡಿ. ಅದನ್ನು ಯಾರು, ಎಲ್ಲಿಂದ ತಂದರು ಎಂದು ಅಜ್ಜ-ಅಜ್ಜಿಯನ್ನು ಕೇಳಿ, ಅವತ್ತೇ ಬರೆದಿಡಿ.